ಹಿಮದಲ್ಲಿ ಸ್ಪೋರ್ಟ್ಸ್ ಕಾರಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಚಳಿಗಾಲ ಶುರುವಾಯಿತು ಅಂದರೆ ನನ್ನ ಕಾರು ನೋಡಿದವರೆಲ್ಲ ಕೇಳುವುದು ಒಂದೇ. "ಈ ಗಾಡೀನ ಹಿಮದಲ್ಲೂ ಓಡಿಸ್ತೀರಾ?" ನಾನು ಹೂಂ ಅನ್ನುವಷ್ಟರಲ್ಲಿ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. "ಓ, ಆಲ್ ವೀಲ್ ಡ್ರೈವ್ ಅಲ್ವಾ, ಹಾಗಾದ್ರೆ ಏನೂ ತೊಂದರೆ ಇಲ್ಲ ಬಿಡಿ." ಪ್ರಶ್ನೆ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಎರಡನೇ ಮಾತಿನ ಬಗ್ಗೆ.

ಮೊದಲು ನೇರ ಉತ್ತರ. ಹೌದು, ಓಡಿಸಬಹುದು. ಆದರೆ ಕಾರನ್ನು ರಸ್ತೆಗೆ ಕಚ್ಚಿಸಿ ಇಡುವುದು ಟೈರು. ನಾಲ್ಕು ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುತ್ತದೆ ಅನ್ನುವುದು ಆಮೇಲಿನ ಮಾತು. ನನ್ನನ್ನು ಕೇಳಿದರೆ, ಹಿಮದಲ್ಲಿ ಆಲ್ ವೀಲ್ ಡ್ರೈವ್ ಮಾಡುವ ಉಪಕಾರದಲ್ಲೇ ಅದರ ಅಪಾಯವೂ ಇದೆ.

ಹೇಗೆ ಅಂತೀರಾ? ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಕಾರಿನಲ್ಲಿ ಸಿಗ್ನಲ್ ಬಿಟ್ಟ ತಕ್ಷಣ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ, ಹಿಂಭಾಗ ಪಕ್ಕಕ್ಕೆ ಎಳೆಯುತ್ತದೆ, ಕಾರು ನಾಲ್ಕು ಅಡಿ ಹೋಗುವ ಮೊದಲೇ ಇವತ್ತು ರಸ್ತೆ ಸರಿ ಇಲ್ಲ ಅಂತ ನಿಮಗೆ ಗೊತ್ತಾಗಿಬಿಡುತ್ತದೆ. ಆಲ್ ವೀಲ್ ಡ್ರೈವ್ ಕಾರು ಇದೇ ರಸ್ತೆಯಲ್ಲಿ ಏನೂ ಆಗಿಲ್ಲ ಅನ್ನುವ ಹಾಗೆ ಹೊರಟುಬಿಡುತ್ತದೆ. ಏರು ಹತ್ತುತ್ತದೆ, ಬೇಗ ವೇಗ ಪಡೆಯುತ್ತದೆ. ರಸ್ತೆ ಎಷ್ಟು ಜಾರುತ್ತಿದೆ ಅನ್ನುವ ಸುದ್ದಿ ನಿಮಗೆ ಸಿಗುವುದು ಮೊದಲ ಸಲ ಬ್ರೇಕ್ ಒತ್ತಿದಾಗ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ನಿಲ್ಲಿಸುವ ವಿಷಯದಲ್ಲಿ ನಿಮ್ಮ ದುಬಾರಿ ಡಿಫರೆನ್ಶಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಪಕ್ಕದ ಸಾಧಾರಣ ಕಾರಿಗಿಂತ ಜಾಸ್ತಿ ಏನೂ ಮಾಡುವುದಿಲ್ಲ. ತಿರುವಿನಲ್ಲೂ ಹೆಚ್ಚು ಕಡಿಮೆ ಅದೇ ಕಥೆ.

ಸ್ವಲ್ಪ ಲೆಕ್ಕ ನೋಡೋಣ. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣೆ ಅಂಕ, ಅಂದರೆ ಹಿಡಿತದ ಅಳತೆ, ಸುಮಾರು 0.8. ಗಾಡಿಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ 0.25ರ ಆಸುಪಾಸು. ಐಸ್ ಮೇಲೆ 0.1 ಇದ್ದರೆ ಪುಣ್ಯ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಪೂರ್ತಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ಸುಮಾರು 12 ಮೀಟರಿನಲ್ಲಿ ನಿಲ್ಲುತ್ತೀರಿ, ಹಿಮದಲ್ಲಿ ಸುಮಾರು 40 ಮೀಟರು ಬೇಕು, ಐಸ್ ಮೇಲೆ ಹತ್ತಿರ ಹತ್ತಿರ 100. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕಾರು ಓಡಿದ ದೂರ ಇದರಲ್ಲಿ ಸೇರಿಲ್ಲ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಮೈನಸ್ 20ರ ಐಸಿಗಿಂತ ಸೊನ್ನೆ ಡಿಗ್ರಿ ಹತ್ತಿರದ ಐಸ್ ಜಾಸ್ತಿ ಜಾರುತ್ತದೆ, ಮೇಲೆ ತೆಳ್ಳಗೆ ನೀರಿರುತ್ತದಲ್ಲ, ಅದಕ್ಕೆ. "ಇವತ್ತು ಪರವಾಗಿಲ್ಲ, ಚಳಿ ಕಡಿಮೆ" ಅಂತ ಹೊರಡುವ ದಿನವೇ ಹುಷಾರಾಗಿರಬೇಕು.

ಇಷ್ಟು ಹೇಳಿದರೆ ಯಾರಾದರೂ ಕಾರು ಓಟದ ರ‍್ಯಾಲಿ ಇತಿಹಾಸ ತೆಗೆಯುತ್ತಾರೆ. ತಪ್ಪಿಲ್ಲ, ಅದು ಒಳ್ಳೆಯ ಕಥೆಯೇ. 1977ರ ಚಳಿಗಾಲದಲ್ಲಿ ಫಿನ್ಲೆಂಡಿನ ಹಿಮದಲ್ಲಿ ಪರೀಕ್ಷೆ ನಡೆಯುವಾಗ ಇಲ್ಟಿಸ್ ಅನ್ನುವ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ 75 ಕುದುರೆ ಶಕ್ತಿಯ ಸೈನ್ಯದ ಜೀಪು ಅದಕ್ಕಿಂತ ಬಲವಾದ ಕಾರುಗಳನ್ನೇ ಹಿಂದೆ ಹಾಕಿತು. ಅದನ್ನು ನೋಡಿದ ಆಡಿ ಎಂಜಿನಿಯರ್ ಯೋರ್ಗ್ ಬೆನ್ಸಿಂಗರ್ ಇದನ್ನೇ ರಸ್ತೆ ಕಾರಿಗೆ ಯಾಕೆ ಹಾಕಬಾರದು ಅಂದರು. 1980ರಲ್ಲಿ ಜಿನೀವಾ ಮೋಟಾರ್ ಶೋನಲ್ಲಿ ಆಡಿಯ ಆಲ್ ವೀಲ್ ಡ್ರೈವ್ ಕಾರು ಕ್ವಾಟ್ರೋ ಬಂತು. 1981ರಲ್ಲಿ ಫಿನ್ಲೆಂಡಿನ ಚಾಲಕ ಹನ್ನು ಮಿಕ್ಕೊಲಾ ಅದರಲ್ಲಿ ಸ್ವೀಡನ್ ರ‍್ಯಾಲಿ ಗೆದ್ದರು. ಅಂದರೆ ಇವತ್ತಿನ ಆಲ್ ವೀಲ್ ಡ್ರೈವ್ ಸ್ಪೋರ್ಟ್ಸ್ ಕಾರಿನ ಬೇರು ಹಿಮದಲ್ಲೇ ಇದೆ. ಆದರೆ ಹಿಮದ ರ‍್ಯಾಲಿಗೆ ಹಾಕುವ ಟೈರನ್ನು ಒಮ್ಮೆ ನೋಡಿ. ಅಷ್ಟು ಶಕ್ತಿಯ ಕಾರಿಗೆ ಇಷ್ಟು ಸಪೂರ ಟೈರಾ ಅನಿಸುತ್ತದೆ. ಅದರ ಮೈತುಂಬ ಮೊಳೆ. ಕಥೆ ಹೇಳುವವರು ಈ ಭಾಗವನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಹಾಗಾಗಿ ಟೈರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಸ್ಪೋರ್ಟ್ಸ್ ಕಾರಿನ ಜೊತೆ ಬರುವುದು ಸಾಮಾನ್ಯವಾಗಿ ಬೇಸಿಗೆ ಟೈರು. ತಾಪಮಾನ 7 ಡಿಗ್ರಿಗಿಂತ ಕೆಳಗೆ ಇಳಿದರೆ ಅದರ ರಬ್ಬರ್ ಬಿಗಿಯುತ್ತಾ ಹೋಗುತ್ತದೆ, ಹಿಮವೇ ಬೇಕಿಲ್ಲ, ಒಣ ರಸ್ತೆಯಲ್ಲೂ ಹಿಡಿತ ಹೋಗುತ್ತದೆ. ತೀರಾ ಕೊರೆಯುವ ಚಳಿಯಲ್ಲಿ ಕೆಲವು ಟೈರುಗಳು ಬಿರುಕು ಬಿಡುವುದೂ ಉಂಟು. ಚಳಿಗಾಲದ ಟೈರಿನ ರಬ್ಬರ್ ಅಷ್ಟು ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಗುಬುಟುಗಳ ಮೇಲೆ ಬ್ಲೇಡಿನಲ್ಲಿ ಕೊಯ್ದ ಹಾಗೆ ನೂರಾರು ಸಣ್ಣ ಸೀಳುಗಳಿರುತ್ತವೆ. ಬೆರಳಿಟ್ಟು ಒತ್ತಿದರೆ ಸೀಳುಗಳು ಬಾಯಿ ಬಿಡುತ್ತವೆ. ರಸ್ತೆಯ ಮೇಲೆ ಹಿಮ ಕಚ್ಚುವುದು ಆ ಅಂಚುಗಳೇ. ಗಾಡಿ ಓಡುವಾಗ ದೊಡ್ಡ ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ, ಆ ಹಿಮ ರಸ್ತೆಯ ಹಿಮಕ್ಕೆ ಅಂಟಿಕೊಂಡು ಇನ್ನಷ್ಟು ಹಿಡಿತ ಕೊಡುತ್ತದೆ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಇದೆಯಾ ನೋಡಿ. ಅದು ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರಿಗೆ ಹಾಕುವ ಗುರುತು. ಬರೀ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಇದ್ದರೆ ನಂಬಬೇಡಿ, ಅದಕ್ಕೆ ಅಂಥ ಪರೀಕ್ಷೆ ಬೇಕಿಲ್ಲ. ಅಗಲದ ವಿಷಯದಲ್ಲಿ ಆಸೆ ಬಿಡಿ. ಅಗಲ ಟೈರು ಹಿಮದ ಮೇಲೆ ತೇಲುತ್ತದೆ, ಸಪೂರ ಟೈರು ಹಿಮ ಸೀಳಿಕೊಂಡು ಕೆಳಗಿನ ರಸ್ತೆಯನ್ನು ಮುಟ್ಟುತ್ತದೆ. ಕಾರಿನ ಕಂಪನಿ ಒಪ್ಪುವ ಅಳತೆಗಳಲ್ಲಿ ಸಣ್ಣ ರಿಮ್, ಸಪೂರ ಟೈರು ಯಾವುದೋ ಅದನ್ನು ತಗೊಳ್ಳಿ. ಸ್ಪೋರ್ಟ್ಸ್ ಕಾರಿನ ಬ್ರೇಕುಗಳು ದೊಡ್ಡವು, ತೀರಾ ಸಣ್ಣ ರಿಮ್ ಅದರ ಮೇಲೆ ಕೂರುವುದೇ ಇಲ್ಲ, ಅದಕ್ಕೇ ಈ ಅಳತೆಯ ಮಾತು. ಮತ್ತೆ, ನಾಲ್ಕೂ ಒಂದೇ ಜಾತಿಯವಾಗಿರಬೇಕು, ಹೆಚ್ಚು ಕಡಿಮೆ ಒಂದೇ ಸವೆತದ್ದು. ಎರಡು ಹೊಸದು ಎರಡು ಹಳೆಯದು ಹಾಕಿದರೆ ಚಕ್ರದ ಸುತ್ತಳತೆ ಬೇರೆ ಬೇರೆಯಾಗಿ, ಮುಂದಿನ ಹಿಂದಿನ ಚಕ್ರಗಳ ಮಧ್ಯೆ ಶಕ್ತಿ ಹಂಚುವ ಕ್ಲಚ್ಚೋ ಡಿಫರೆನ್ಶಿಯಲ್ಲೋ ಇಡೀ ದಿನ ಸುಮ್ನೆ ದುಡಿದು ಬಿಸಿಯಾಗಿ ಹಾಳಾಗುತ್ತದೆ. ಚಳಿಗೆ ಟೈರಿನ ಗಾಳಿಯ ಒತ್ತಡವೂ ಇಳಿಯುತ್ತದೆ, 20 ಡಿಗ್ರಿ ಕುಸಿದರೆ ಸುಮಾರು ಮೂರೂವರೆ ಪಿಎಸ್ಐ (ಗಾಳಿ ಒತ್ತಡದ ಅಳತೆ) ಕಡಿಮೆ. ಆಗಾಗ ನೋಡಿಕೊಳ್ಳಿ.

ಎಲ್ಲ ಆಲ್ ವೀಲ್ ಡ್ರೈವ್ ಒಂದೇ ಥರ ಅಂದುಕೊಳ್ಳಬೇಡಿ. ನಿಸ್ಸಾನ್ ಜಿಟಿ-ಆರ್ ಆರ್35ರಲ್ಲಿ ಶಕ್ತಿ ಜಾಸ್ತಿ ಹಿಂದಕ್ಕೇ ಹೋಗುತ್ತದೆ, ಬೇಕಾದಾಗ ಗರಿಷ್ಠ ಅರ್ಧದಷ್ಟು ಮುಂದಕ್ಕೆ ಬರುತ್ತದೆ. ಇಂಥ ಕಾರಿನಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಮೊದಲು ಹಿಂಭಾಗ ಜಾರುತ್ತದೆ. ಮುಂದಕ್ಕೆ ಜಾಸ್ತಿ ಶಕ್ತಿ ಕಳಿಸುವ ಕಾರು ಸ್ಟೀರಿಂಗ್ ಎಷ್ಟು ತಿರುಗಿಸಿದರೂ ನೇರ ಹೋಗುತ್ತದೆ. ನಿಮ್ಮದು ಯಾವ ಜಾತಿ ಅಂತ ಖಾಲಿ ಜಾಗದಲ್ಲಿ, ನಿಧಾನವಾಗಿ, ಮೊದಲೇ ತಿಳಿದುಕೊಳ್ಳಿ. ಎಲ್ಲದಕ್ಕೂ ಒಂದೇ ಮಾತು ಅನ್ವಯಿಸುವುದು ಕಾಲಿನ ವಿಷಯದಲ್ಲಿ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತಟ್ಟನೆ ತೆಗೆಯಬೇಡಿ. ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಟೈರು ಹಗುರವಾಗಿ ಕಾರು ತಿರುಗಿ ನಿಲ್ಲುತ್ತದೆ. ವೇಗ ಇಳಿಸುವುದೆಲ್ಲ ತಿರುವಿಗೆ ಮುಂಚೆ, ನೇರ ರಸ್ತೆಯಲ್ಲೇ ಮುಗಿಯಬೇಕು.

ಈ ಕಾರುಗಳಿಗೆ ನಿಜವಾದ ಗಡಿ ಎತ್ತರ. ಹೆಚ್ಚಿನವುಗಳ ಹೊಟ್ಟೆ ನೆಲದಿಂದ 10-13 ಸೆಂಟಿಮೀಟರ್ ಮೇಲಿರುತ್ತದೆ, ಅಷ್ಟೇ. ಅದಕ್ಕಿಂತ ಆಳದ ಹಿಮಕ್ಕೆ ನುಗ್ಗಿದರೆ ಮುಂದಿನ ಬಂಪರ್ ಹಿಮ ತಳ್ಳಿಕೊಂಡು ಹೋಗುತ್ತದೆ, ಹಿಮ ಹೊಟ್ಟೆಯಡಿ ಒತ್ತಿ ಗಟ್ಟಿಯಾಗುತ್ತದೆ, ಕಾರು ಅದರ ಮೇಲೆ ಕೂರುತ್ತದೆ, ಚಕ್ರಗಳು ಗಾಳಿಯಲ್ಲಿ ಆಡಿದ ಹಾಗೆ ತಿರುಗುತ್ತವೆ. ಆಗ ನಾಲ್ಕು ಚಕ್ರಕ್ಕೆ ಶಕ್ತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್ನೂ ಕೂತಿಲ್ಲ, ಸುಮ್ನೆ ಸಿಕ್ಕಿಕೊಂಡಿದೆ ಅಂದರೆ ಟ್ರ್ಯಾಕ್ಷನ್ ಕಂಟ್ರೋಲ್ ಆರಿಸಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಅದು ಆನ್ ಇದ್ದರೆ ಚಕ್ರ ಜಾರಿದ ಕೂಡಲೇ ಶಕ್ತಿ ಕತ್ತರಿಸಿ ನಿಮ್ಮನ್ನು ಅಲ್ಲೇ ಬಿಡುತ್ತದೆ. ಹೊರಬಂದ ಮೇಲೆ ಮರೆಯದೆ ಆನ್ ಮಾಡಿ. ಹಿಡಿತಕ್ಕೆ ಟೈರಿನ ಸುತ್ತ ಚೈನ್ ಹಾಕಿಕೊಳ್ಳೋಣ ಅಂದರೆ ಇಂಥ ಎಷ್ಟೋ ಕಾರುಗಳಲ್ಲಿ ಚಕ್ರದ ಹಿಂದೆ ಚೈನಿಗೆ ಜಾಗವೇ ಇರುವುದಿಲ್ಲ, ಮ್ಯಾನುಯಲ್ ನೋಡದೆ ಹಾಕಬೇಡಿ.

ಯಾರೂ ಹೇಳದ ಸಣ್ಣ ಕಿರಿಕಿರಿಗಳೂ ಇವೆ. ಇಂಥ ಎಷ್ಟೋ ಕಾರುಗಳ ಬಾಗಿಲಿನ ಗಾಜಿಗೆ ಚೌಕಟ್ಟಿರುವುದಿಲ್ಲ. ಹಿಡಿಕೆ ಎಳೆದಾಗ ಗಾಜು ಒಂದು ಸೆಂಟಿಮೀಟರಿನಷ್ಟು ಕೆಳಗಿಳಿದು, ಆಮೇಲೆ ಬಾಗಿಲು ಬಿಚ್ಚಿಕೊಳ್ಳಬೇಕು. ರಾತ್ರಿ ಐಸ್ ಕಟ್ಟಿದರೆ ಗಾಜು ರಬ್ಬರಿಗೆ ಅಂಟಿ ಇಳಿಯುವುದೇ ಇಲ್ಲ. ಮೋಟಾರು ಗುಂಯ್ ಅನ್ನುತ್ತದೆ, ಗಾಜು ಅಲ್ಲಾಡುವುದಿಲ್ಲ. ಆಗ ಬಲವಾಗಿ ಎಳೆದರೆ ರಬ್ಬರ್ ಕಿತ್ತು ಬರುತ್ತದೆ, ಕೆಲವೊಮ್ಮೆ ಗಾಜೇ ಹೋಗುತ್ತದೆ. ಚಳಿಗಾಲಕ್ಕೆ ಮುಂಚೆ ರಬ್ಬರಿಗೆ ಸಿಲಿಕೋನ್ ಹಚ್ಚಿದರೆ ಈ ಗೋಳು ಬಹಳ ಕಡಿಮೆ. ಇನ್ನೊಂದು, ಬೆಳಿಗ್ಗೆ ಹೊರಟಾಗ ಸ್ಟೀರಿಂಗ್ ಗಡಗಡ ನಡುಗಿದರೆ ಗಾಬರಿಯಾಗಿ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ರಿಮ್ ಒಳಗೆ ಕೈ ಹಾಕಿ ನೋಡಿ. ನಿನ್ನೆಯ ಹಿಮ ಒಂದೇ ಪಕ್ಕ ಹೆಪ್ಪುಗಟ್ಟಿ ಕೂತಿರುತ್ತದೆ. ಕೆರೆದು ತೆಗೆದರೆ ನಡುಕ ಮಾಯ. ರಸ್ತೆಗೆ ಉಪ್ಪು ಹಾಕುವ ಕಡೆ ಅಡಿಭಾಗ ತೊಳೆಸುವುದನ್ನು ಮಾತ್ರ ಮುಂದೂಡಬೇಡಿ.

ಕೊನೆಗೆ ಬರುವ ಪ್ರಶ್ನೆ ಇದು. "ಇಷ್ಟೆಲ್ಲ ಯಾಕೆ, ಒಂದು ಎಸ್‌ಯುವಿ ತಗೋಬಹುದಿತ್ತಲ್ಲ?" ಮೊಣಕಾಲುದ್ದ ಹಿಮ ತೆಗೆಯದೇ ಬಿಡುವ ರಸ್ತೆಯಲ್ಲಿ ನಿಮ್ಮ ಮನೆ ಇದ್ದರೆ ಖಂಡಿತ ತಗೊಳ್ಳಿ. ರಸ್ತೆ ತೆಗೆದಿದ್ದರೆ, ಮೇಲೆ ತೆಳ್ಳಗೆ ಹಿಮ ಅಷ್ಟೇ ಇದ್ದರೆ, ಬೇಸಿಗೆ ಟೈರಿನ ಎಸ್‌ಯುವಿಗಿಂತ ಚಳಿಗಾಲದ ಟೈರಿನ ನನ್ನ ಕುಳ್ಳ ಕಾರು ಬೇಗ ನಿಲ್ಲುತ್ತದೆ. ಮಜಾನೂ ಇದೆ, ಸುಳ್ಳು ಯಾಕೆ ಹೇಳಲಿ. ಒಣ ರಸ್ತೆಯಲ್ಲಿ ಈ ಕಾರಿನ ಭಾರ ಹಿಂದೆ ಮುಂದೆ ಹೇಗೆ ಆಡುತ್ತದೆ ಅಂತ ತಿಳಿಯಬೇಕಾದರೆ ಯಾವ ರಸ್ತೆಯಲ್ಲೂ ಹೋಗಬಾರದಷ್ಟು ವೇಗ ಬೇಕು. ಹಿಮದಲ್ಲಿ ಅದೆಲ್ಲ 30 ಕಿ.ಮೀ. ವೇಗದಲ್ಲೇ ಗೊತ್ತಾಗುತ್ತದೆ. ಮಳೆ ಬಿದ್ದ ಹಾಗೇ ಹೆಪ್ಪುಗಟ್ಟುವ ದಿನ ಮಾತ್ರ ನಾನು ಯಾವ ಕಾರನ್ನೂ ತೆಗೆಯುವುದಿಲ್ಲ.