ಐವತ್ತಾರಲ್ಲ, ಐವತ್ತೈದು

ಭಾವನ ಷೆಡ್ಡಿಗೆ ಆ ಪಿಕಪ್ ಬಂದ ದಿನ ನಾನು ಮೊದಲು ಮಾಡಿದ ಕೆಲಸ ಅದರ ಮೈಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ್ದು. ಮುಂದಿನ ಮಡ್‌ಗಾರ್ಡ್ ಟಣ್ ಅಂತು. ಬಾಗಿಲೂ ಟಣ್ ಅಂತು. ಹಿಂದೆ ಸಾಮಾನು ತುಂಬುವ ತೊಟ್ಟಿಯ ಪಕ್ಕೆ ಮಾತ್ರ ಹಳೇ ಸೂಟ್‌ಕೇಸ್ ತಟ್ಟಿದ ಹಾಗೆ ಡಬ್ ಅಂತು. ಜೇಬಿನಲ್ಲಿದ್ದ ಅಯಸ್ಕಾಂತ ಹಚ್ಚಿದೆ, ಕಚ್ಚಲಿಲ್ಲ.

"ಫೈಬರ್ ಭಾವ ಇದು" ಅಂದೆ.

"ಅದಕ್ಕೇ ಕಣೋ ತಂದಿದ್ದು. ಕ್ಯಾಮಿಯೋ. ಅದೂ ಐವತ್ತಾರನೇ ಇಸವಿದು. ಎಷ್ಟು ಮಾಡಿದ್ರು ಗೊತ್ತಾ?"

ಗೊತ್ತಿತ್ತು. ಷೆವರ್ಲೆ ಕ್ಯಾಮಿಯೋ ಕ್ಯಾರಿಯರ್ ತಯಾರಾದದ್ದು 1955ರಿಂದ 1958ರವರೆಗೆ, ನಾಲ್ಕು ಮಾಡೆಲ್ ವರ್ಷ ಸೇರಿಸಿದರೂ ಹತ್ತು ಸಾವಿರದ ಚಿಲ್ಲರೆ. ಅದರಲ್ಲಿ ಅರ್ಧದಷ್ಟು ಮೊದಲ ವರ್ಷದ್ದೇ. 1956ರದು ಸಾವಿರದ ನಾನೂರೈವತ್ತರ ಆಸುಪಾಸು. ಹಾಗಾಗಿ ಭಾವನ ಮುಖದಲ್ಲಿ ಆ ಕಳೆ ಇದ್ದದ್ದು ಸಹಜವೇ.

ಆ ಕಾಲದ ಪಿಕಪ್ಪುಗಳಿಗೆ ಹಿಂದಿನ ಚಕ್ರದ ಮೇಲಿನ ಮಡ್‌ಗಾರ್ಡ್ ತೊಟ್ಟಿಯ ಹೊರಗೆ ಉಬ್ಬಿಕೊಂಡಿರುತ್ತಿತ್ತು. ನೋಡಿದರೆ ದುಡಿಯುವ ಗಾಡಿ ಅಂತ ಗೊತ್ತಾಗಬೇಕು, ಅಷ್ಟೇ. ಕ್ಯಾಮಿಯೋದಲ್ಲಿ ಕ್ಯಾಬಿನ್ನಿನಿಂದ ಹಿಂದಿನ ದೀಪದವರೆಗೆ ಪಕ್ಕೆ ಕಾರಿನ ಹಾಗೆ ನೇರ, ನುಣುಪು. ಇದಕ್ಕಾಗಿ ಹೊಸ ತೊಟ್ಟಿಯನ್ನೇನೂ ಮಾಡಲಿಲ್ಲ. ಮಾಮೂಲಿ ಉಕ್ಕಿನ ತೊಟ್ಟಿಗೇ ಹೊರಗಿನಿಂದ ಫೈಬರ್‌ಗ್ಲಾಸ್ ಪ್ಯಾನೆಲ್ ತೊಡಿಸಿದರು. ಪ್ಯಾನೆಲ್ ಮಾಡಿಕೊಟ್ಟದ್ದು ಒಹಾಯೋದ ಆಷ್ಟಬ್ಯೂಲಾದ ಮೋಲ್ಡೆಡ್ ಫೈಬರ್ ಗ್ಲಾಸ್ ಕಂಪನಿ. ಕಾರ್ವೆಟ್ ಕಾರಿಗೆ ಮೈ ಮಾಡಿಕೊಟ್ಟವರೂ ಅವರೇ.

ತೊಟ್ಟಿ ಅಸಲಿಯೋ ಅಲ್ಲವೋ ಎನ್ನುವುದು ಹತ್ತು ನಿಮಿಷದಲ್ಲಿ ಇತ್ಯರ್ಥವಾಯಿತು. ನೆಲಕ್ಕೆ ಗೋಣಿ ಹಾಸಿ, ಟಾರ್ಚ್ ಹಿಡಿದು ಕೆಳಗೆ ನುಸುಳಿದೆ. ಸ್ಟೆಪ್ನಿ ಇಡುವ ಫೈಬರ್ ಬಾನಿ ಅಲ್ಲೇ ಇತ್ತು. ಹಿಂದಿನ ಬಂಪರಿನ ನಡುವಿನ ತುಂಡು ಕೀಲಿನ ಮೇಲೆ ಕೆಳಕ್ಕೆ ಬಾಗುತ್ತದೆ, ಸ್ಟೆಪ್ನಿ ಆ ದಾರಿಯಲ್ಲೇ ಹೊರಬರಬೇಕು. ಬಾಗಲಿಲ್ಲ, ಆದರೆ ಕೀಲು ಮಾತ್ರ ಕಂಡಿತು. ಇಷ್ಟೆಲ್ಲ ನಕಲು ಮಾಡುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಇಸವಿಯದೇ ತಕರಾರು. ಮಾರಿದವರು 1956 ಎಂದಿದ್ದಕ್ಕೆ ಆಧಾರ ಮಡ್‌ಗಾರ್ಡಿನ ಮೇಲಿನ ಹೆಸರಿನ ಬಿಲ್ಲೆ. 1955ರ ಗಾಡಿಯಲ್ಲಿ ಅದು ಪಕ್ಕದ ಉಬ್ಬುಗೆರೆಯ ಕೆಳಗಿರುತ್ತದೆ, 1956ರಲ್ಲಿ ಮೇಲೆ. ಎರಡು ವರ್ಷದ ಗಾಡಿಗಳನ್ನು ದೂರದಿಂದಲೇ ಬೇರ್ಪಡಿಸಲು ಎಲ್ಲರೂ ನೋಡುವ ಗುರುತೇ ಅದು. ಇದರಲ್ಲಿ ಗೆರೆಯ ಮೇಲೆಯೇ ಇತ್ತು. ಆದರೆ ಮಡ್‌ಗಾರ್ಡ್ ಬೋಲ್ಟಿನಲ್ಲಿ ನಿಲ್ಲುವ ವಸ್ತು. ಬಿಚ್ಚಿದರೆ ಬಂತು, ಬೇರೆಯದು ಹಾಕಿದರೆ ಕೂತಿತು.

ಇಂಜಿನ್ನಿನ ಬಳಿ ನನಗೆ ಮೊದಲ ಅನುಮಾನ ಬಂತು. 265 ಘನ ಅಂಗುಲದ ವಿ-8. ಆಯಿಲ್ ಫಿಲ್ಟರ್ ಕೂರುವ ಜಾಗಕ್ಕೆ ಕೈ ಹಾಕಿದರೆ ಜಾಗವೇ ಇಲ್ಲ! ಈ ಇಂಜಿನ್ ಬಂದ ಮೊದಲ ವರ್ಷ, 1955ರಲ್ಲಿ, ಬ್ಲಾಕಿನಲ್ಲಿ ಫಿಲ್ಟರಿಗೆ ವ್ಯವಸ್ಥೆಯೇ ಇರಲಿಲ್ಲ. ಬೇಕಾದವರು ಹೊರಗೊಂದು ಡಬ್ಬಿ ಜೋಡಿಸಿಕೊಳ್ಳಬೇಕಿತ್ತು. ಮರುವರ್ಷ ಅದನ್ನು ಸರಿಮಾಡಿದರು. ಬ್ಲಾಕಿನ ಹಿಂಬದಿಯ ಅಂಚಿನಲ್ಲಿ ಜಿಡ್ಡು ಕೆರೆದಾಗ ಎರಕದ ತಾರೀಕೂ ಸಿಕ್ಕಿತು. ತಿಂಗಳಿಗೊಂದು ಅಕ್ಷರ, ಜನವರಿಗೆ ಎ, ಆಮೇಲೆ ದಿನ, ಕೊನೆಗೆ ಇಸವಿಯ ಕೊನೆಯ ಅಂಕೆ. ನಮಗೆ ಕಂಡದ್ದು ಡಿ, ಹನ್ನೆರಡು, ಐದು. 1955ರ ಏಪ್ರಿಲ್ 12.

"ಇಂಜಿನ್ ಬದಲಾಯಿಸಿರ್ತಾರೆ ಬಿಡೋ" ಅಂದರು ಭಾವ. ಅದೂ ನ್ಯಾಯವೇ. ಇಂಜಿನ್ನೂ ಬೋಲ್ಟಿನಲ್ಲೇ ತಾನೇ ನಿಲ್ಲುವುದು.

ಚಾಲಕನ ಬಾಗಿಲ ಕಂಬದ ಮೇಲೆ ಗಾಡಿಯ ನಂಬರಿರುವ ಚಿಕ್ಕದೊಂದು ತಗಡು, ನಾಲ್ಕಾರು ಪದರ ಪೇಂಟಿನಡಿ ಮುಚ್ಚಿಹೋಗಿತ್ತು. ಉಕ್ಕಿನ ಬ್ರಷ್ ಹಾಕಿದರೆ ಅಕ್ಷರವೇ ಹೋದೀತೆಂದು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಮಧ್ಯಾಹ್ನ ಪೂರ್ತಿ ಒರೆಸಿದೆ. ಎಚ್ 255 ಅಂತ ಶುರು. ಎಚ್ ಅಂದರೆ ಷೆವರ್ಲೆಯ 3100 ಎಂಬ ಅರ್ಧ ಟನ್ನಿನ ಮಾದರಿ, 2 ಅಂದರೆ ಎರಡನೇ ಸರಣಿ, 55 ಏನೆಂದು ಬಿಡಿಸಿ ಹೇಳಬೇಕಿಲ್ಲ. ಆ ವರ್ಷ ಹಳೇ ನಮೂನೆಯ ಟ್ರಕ್ಕುಗಳನ್ನೇ ಮೊದಲ ಸರಣಿಯೆಂದು ಮಾರಿ, ಮಾರ್ಚಿನಲ್ಲಿ ಹೊಸ ನಮೂನೆ ಬಿಟ್ಟರು, ಅದಕ್ಕೇ ಆ 2. ಆದರೆ ಎಚ್ 255 ಮಾಮೂಲಿ ಪಿಕಪ್ಪಿಗೂ ಅದೇ, ಕ್ಯಾಮಿಯೋಗೂ ಅದೇ. ಯಾರೋ ಸಾಧಾರಣ 3100ರ ಬೆನ್ನಿಗೆ ಕ್ಯಾಮಿಯೋ ತೊಟ್ಟಿ ಕಟ್ಟಿರಬಹುದು ಎನ್ನುವ ಹೊಸ ಭಯ ಹುಟ್ಟಿತು. ಆ ರಾತ್ರಿ ಭಾವ ಸರಿಯಾಗಿ ಮಾತಾಡಲಿಲ್ಲ.

ಬಿಡಿಸಿದ್ದು ಬಣ್ಣ. 1955ರ ಕ್ಯಾಮಿಯೋಗೆ ಒಂದೇ ಬಣ್ಣದ ಜೋಡಿ: ಮೈಗೆ 'ಬಾಂಬೆ ಐವರಿ', ಅಲ್ಲಲ್ಲಿ 'ಕಮರ್ಷಿಯಲ್ ರೆಡ್'. (ಅಮೆರಿಕದ ಟ್ರಕ್ಕಿನ ದಂತದ ಬಣ್ಣಕ್ಕೆ ಬೊಂಬಾಯಿಯ ಹೆಸರು ಯಾಕೋ ಕಾಣೆ, ಕೇಳಲು ಮಾತ್ರ ಚೆಂದ.) ಕ್ಯಾಬಿನ್ನಿನ ಹಿಂದುಗಡೆ, ಮೂಲೆಗಳವರೆಗೆ ಸುತ್ತುವ ದೊಡ್ಡ ಗಾಜಿನ ಪಕ್ಕ, ವಾಟರ್ ಪೇಪರಿನಿಂದ ನಾಣ್ಯದಗಲ ಉಜ್ಜಿದೆ. ನೀಲಿ, ಅದರಡಿ ಹಸಿರು, ಅದರಡಿ ಬೂದು ಪ್ರೈಮರ್, ಅದರಡಿ ಕೆಂಪು. ಬಾಗಿಲಲ್ಲಿ ಉಜ್ಜಿದರೆ ತಳದಲ್ಲಿ ದಂತದ ಬಿಳಿ. ತೊಟ್ಟಿಯ ಪ್ಯಾನೆಲ್ಲಿನಲ್ಲೂ ಅದೇ ಬಿಳಿ. ಮುಂದಿನ ಎರಡು ಮಡ್‌ಗಾರ್ಡಿನಲ್ಲಿ ಮಾತ್ರ ಬಿಳಿಯೂ ಇಲ್ಲ, ಕೆಂಪೂ ಇಲ್ಲ. ನೀಲಿಯ ಕೆಳಗೆ ನೇರ ಯಾವುದೋ ಕಂದು. ಎಲ್ಲೋ ಗುದ್ದಿಕೊಂಡ ಮೇಲೆ ಬೇರೆ ಟ್ರಕ್ಕಿನಿಂದ ಬಂದವು ಅವು. ಗಾಡಿ ಕ್ಯಾಮಿಯೋ ಹೌದು. ಐವತ್ತಾರಲ್ಲ.

ಕೆಲಸದ ಬಗ್ಗೆ ಬರೆಯಹೋದರೆ ಮುಗಿಯುವುದಿಲ್ಲ. ಕ್ಯಾಬಿನ್ನಿನ ಕೆಳಮೂಲೆಗಳು, ಕಾಲಿಡುವ ನೆಲ ಎಲ್ಲ ಕತ್ತರಿಸಿ ಹೊಸ ತಗಡು ಬೆಸೆದೆವು, ಈ ವಯಸ್ಸಿನ ಯಾವ ಟ್ರಕ್ಕಿಗೂ ತಪ್ಪದ ಕರ್ಮ. ನಿಜಕ್ಕೂ ಪಾಠ ಕಲಿಸಿದ್ದು ಫೈಬರ್. ಬಲಗಡೆಯ ಪ್ಯಾನೆಲ್ಲಿಗೆ ತಗಡಿಗೆ ಹಚ್ಚುವ ಪೇಂಟ್ ರಿಮೂವರನ್ನೇ ಬಳಿದು ಫೋನ್ ಬಂತೆಂದು ಆಚೆ ಹೋದೆ. ವಾಪಸು ಬಂದಾಗ ಪೇಂಟಿನ ಜೊತೆ ರಾಳವೂ ಮೆತ್ತಗಾಗಿ, ಒಂದು ಮೊಳದಷ್ಟು ಜಾಗ ನೂಲು ನೂಲಾಗಿ ಎದ್ದಿತ್ತು. ಎಪ್ಪತ್ತು ವರ್ಷ ಉಳಿದದ್ದನ್ನು ಕಾಲು ಗಂಟೆಯಲ್ಲಿ ಕೆಡಿಸಿದ್ದೆ. ಭಾವ ಬೈದಿದ್ದರೆ ಹಗುರಾಗುತ್ತಿತ್ತು. ಅವರು ಸುಮ್ಮನೆ ಬಾಗಿಲು ತೆರೆದು ಗಾಳಿಯಾಡಿಸಿದರು.

ಉಳಿದದ್ದನ್ನೆಲ್ಲ ಕೈಯಲ್ಲೇ ಉಜ್ಜಿ ತೆಗೆದೆ. ಫೈಬರಿನ ಬಿರುಕಿಗೆ ಪುಟ್ಟಿ ತುಂಬಿ ಪೇಂಟ್ ಹೊಡೆದರೆ ಒಂದೆರಡು ಬಿಸಿಲಿಗೆ ಅದೇ ಗೆರೆ ಮತ್ತೆ ಮೂಡುತ್ತದೆ. ಬಿರುಕಿನ ಎರಡೂ ಬದಿ ಇಳಿಜಾರಾಗಿ ಉಜ್ಜಿ, ಮೊದಲು ಒಳಮೈಗೆ ಗಾಜಿನ ನಾರಿನ ಹಾಸು, ರಾಳ, ಆಮೇಲೆ ಹೊರಮೈಗೆ. ರಾಳಕ್ಕೆ ಗಟ್ಟಿ ಮಾಡುವ ಮದ್ದು ನೂರಕ್ಕೆ ಒಂದೆರಡು ಪಾಲು. ಜಾಸ್ತಿ ಹಾಕಿದರೆ ಡಬ್ಬಿಯಲ್ಲೇ ಕಾದು ಹೊಗೆಯಾಡುತ್ತದೆ, ಅದನ್ನೂ ನೋಡಿದೆ. ಧೂಳಿಗೆ ಮಾಸ್ಕ್ ಹಾಕಿಕೊಂಡರೂ ಕುತ್ತಿಗೆ ತುರಿಕೆ ಮೂರು ದಿನ ಬಿಡಲಿಲ್ಲ. ಪ್ಯಾನೆಲ್ ಕಳಚಿದಾಗ ಹಿಂದೆ, ಉಕ್ಕಿನ ತೊಟ್ಟಿಗೆ ಒತ್ತಿಕೊಂಡು, ಒಣಗಿದ ಕೆಸರು ಇಟ್ಟಿಗೆಯಾಗಿ ಕೂತಿತ್ತು. ಕೊಳೆಯದ ಫೈಬರಿನ ಮರೆಯಲ್ಲಿ ಉಕ್ಕು ಕೊಳೆಯುತ್ತಿತ್ತು.

ಬಣ್ಣದ ಮಾತು ಬಂದಾಗ ಭಾವ ಕೊನೆಯ ಸಲ ಆಸೆಪಟ್ಟರು. "ಮಡ್‌ಗಾರ್ಡ್ ಹೇಗೂ ಐವತ್ತಾರರದ್ದು. ಬಿಲ್ಲೆ ಅಲ್ಲೇ ಇರಲಿ, ಐವತ್ತಾರರ ಬಣ್ಣ ಹೊಡೆಸೋಣ. ಯಾರಿಗೆ ಗೊತ್ತಾಗತ್ತೆ?"

"ನಿಮಗೆ ಗೊತ್ತಾಗತ್ತಲ್ಲ ಭಾವ" ಅಂದೆ. ಅವರು ಗ್ರೈಂಡರಿನ ವೈರ್ ಸುತ್ತತೊಡಗಿದರು. ಮಾರನೇ ದಿನ ದಂತದ ಬಣ್ಣದ ಡಬ್ಬಿ ಅವರೇ ತಂದಿದ್ದರು.

ಗೆರೆಯ ಮೇಲಿದ್ದ ತೂತುಗಳನ್ನು ಬೆಸೆದು ಮುಚ್ಚಿ, ಗೆರೆಯ ಕೆಳಗೆ ಹೊಸ ತೂತು ಕೊರೆದೆವು. ಹೊರಗಿನಿಂದ ಏನೂ ಕಾಣದು. ಒಳಬದಿಯ ಬೆಸುಗೆಯ ಗುಬುಟುಗಳನ್ನು ಮಾತ್ರ ಉಜ್ಜಲಿಲ್ಲ, ತುಕ್ಕು ಹಿಡಿಯದಷ್ಟು ತೆಳುವಾಗಿ ಪ್ರೈಮರ್ ಹೊಡೆದು ಹಾಗೇ ಬಿಟ್ಟಿದ್ದೇವೆ. ಮುಂದೆ ಯಾರಾದರೂ ನನ್ನ ಹಾಗೆ ಟಾರ್ಚ್ ಹಿಡಿದು ಕೆಳಗೆ ನುಸುಳಿದರೆ ಅವರ ಕೈಗೆ ಸಿಗುತ್ತವೆ.