ಅಂಗಳದಲ್ಲಿ ತಗ್ಗಿದ ಸ್ವಿಫ್ಟ್

ಎರಡನೇ ತಲೆಮಾರಿನ ಸ್ವಿಫ್ಟಿಗೆ ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ಹೊಟ್ಟೆಗಿರುವ ಎತ್ತರ, 170 ಮಿ.ಮೀ. ನಮ್ಮ ಉಡುಪಿಯ ಮಳೆಗಾಲಕ್ಕೆ ಹೇಳಿ ಮಾಡಿಸಿದ ಎತ್ತರ, ನಿಜ. ಆದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬಾಯಿ ತೆರೆದ ಆ ಸಂದು ಮೊದಲಿನಿಂದಲೂ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಕಾರನ್ನು ತಗ್ಗಿಸಲೆಂದು ತರಿಸಿದ ಕಾಯಿಲೋವರ್ ಸೆಟ್ಟು (ಎತ್ತರ ಹೊಂದಿಸಬಹುದಾದ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರು) ಬಂದದ್ದೇ ಭಾನುವಾರ ಭಾವನನ್ನು ಕರೆಸಿಕೊಂಡು ಅಂಗಳದಲ್ಲೇ ಕೆಲಸಕ್ಕೆ ಇಳಿದೆ.

ಬಿಚ್ಚುವ ಮೊದಲು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು ನಾಲ್ಕೂ ಕಡೆ ಬರೆದುಕೊಂಡೆವು. ನೆಲದಿಂದ ಅಳೆದರೆ ಟೈರಿನ ಗಾಳಿಯೇ ಲೆಕ್ಕ ತಪ್ಪಿಸುತ್ತದೆ. ಜಾಕಿಯನ್ನು ನಂಬದೆ ಸ್ಟ್ಯಾಂಡ್ ಕೊಟ್ಟು, ಬಿಚ್ಚಿದ ಚಕ್ರವನ್ನೂ ಕಾರಿನಡಿಗೆ ತಳ್ಳಿಟ್ಟೆವು. ಕರಾವಳಿಯ ಉಪ್ಪುಗಾಳಿಗೆ ಸ್ಟ್ರಟ್ಟಿನ (ಮುಂದಿನ ಚಕ್ರದ ಶಾಕ್, ಸ್ಪ್ರಿಂಗು ಸೇರಿದ ಕಂಬ) ಬುಡದ ಎರಡು ಬೋಲ್ಟುಗಳು ಅಂಟಿಕೊಂಡಿದ್ದವು. ಹಿಂದಿನ ರಾತ್ರಿಯೇ ಎಣ್ಣೆ ಹೊಡೆದಿದ್ದರೂ ಪಾನಾದ ಬಾಲಕ್ಕೆ ಜಿಐ ಪೈಪು ಸಿಕ್ಕಿಸಿ ಇಬ್ಬರೂ ತೂಗಿದಾಗಲೇ ‘ಟಕ್’ ಎಂದಿದ್ದು. ಬ್ರೇಕ್ ಪೈಪಿನ ಮೇಲೆ ಭಾರ ಬೀಳದಂತೆ, ಚಕ್ರ ಕೂರುವ ಹಬ್ (hub) ಭಾಗವನ್ನು ತಂತಿಯಲ್ಲಿ ಕಟ್ಟಿದೆವು. ಹೊಸ ಸೆಟ್ಟು ಮೇಲ್ತುದಿಯ ಹಿಡಿಕೆಯಾದ ಟಾಪ್ ಮೌಂಟ್ ಸಮೇತ ಜೋಡಿಸಿಯೇ ಬಂದಿದ್ದರಿಂದ ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರಿನ ಸಹವಾಸ ತಪ್ಪಿತು. ಅದುಮಿಟ್ಟ ಸ್ಪ್ರಿಂಗು ಚಿಮ್ಮಿದರೆ ಮುಖ ಉಳಿಯದು.

ಸ್ಪ್ರಿಂಗಿನಡಿಯ ರಿಂಗು ತಿರುಗಿಸಿದರೆ ಕಾರು ಇಳಿಯುತ್ತದೆ ಎಂದೇ ಬಹಳ ಜನ ನಂಬಿರುತ್ತಾರೆ. ನಮ್ಮ ಸೆಟ್ಟಿನ ಮುಂದಿನ ಜೋಡಿಯಲ್ಲಿ ರಿಂಗು ಇರುವುದು ಸ್ಪ್ರಿಂಗಿನ ಬಿಗಿಗೆ. ಎತ್ತರ ತೀರ್ಮಾನವಾಗುವುದು ಬುಡದ ಬ್ರಾಕೆಟ್ಟಿನಲ್ಲಿ: ಶಾಕನ್ನು ಅದರೊಳಕ್ಕೆ ತಿರುಗಿಸಿದಷ್ಟೂ ಕಾರು ತಗ್ಗುತ್ತದೆ, ಶಾಕಿನ ಓಡಾಟ ಮಾತ್ರ ಹಾಗೇ ಉಳಿಯುತ್ತದೆ. ಹಿಂದುಗಡೆಯ ಲೆಕ್ಕವೇ ಬೇರೆ. ಅಲ್ಲಿ ಸ್ಪ್ರಿಂಗು ಬೇರೆ, ಶಾಕ್ ಬೇರೆ. ಸ್ಪ್ರಿಂಗು ಕೂರುವ ಜಾಗ ಚಕ್ರದ ನಡುವಿಗಿಂತ ಮುಂದಿರುವುದರಿಂದ ರಿಂಗನ್ನು ಸ್ವಲ್ಪ ಇಳಿಸಿದರೂ ಚಕ್ರದ ಹತ್ತಿರ ಅದಕ್ಕಿಂತ ಹೆಚ್ಚೇ ಇಳಿಯುತ್ತದೆ.

ಚಕ್ರ ಹಾಕಿ ಜಾಕಿ ಇಳಿಸಿದರೆ ಕಾರು ಕಾಲು ಹತ್ತಿರ ಮಾಡಿ ನಿಂತ ಹಾಗೆ ಎತ್ತರಕ್ಕೇ ನಿಂತಿತ್ತು.

“ಇಷ್ಟೆಲ್ಲ ಮಾಡಿ ಮೊದಲಿಗಿಂತ ಮೇಲೆ ಹೋಯ್ತಲ್ಲ ಮಾರಾಯ!”

“ಒಂದ್ಸಲ ಹಿಂದೆ ಮುಂದೆ ದೂಡುವ, ಬನ್ನಿ ಭಾವ.”

ದೂಡಿದ ಮೇಲೆ ಟೈರುಗಳು ಹೊರಕ್ಕೆ ಸರಿದು ಕೂತವು, ಕಾರು ತಣ್ಣಗೆ ಇಳಿಯಿತು. ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಬೀಮಿನ ರಬ್ಬರ್ ಬುಷ್ ಬೋಲ್ಟುಗಳನ್ನು ಬಿಗಿ ಮಾಡಿದ್ದು ಆಮೇಲೆಯೇ. ನೇತಾಡುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಇನ್ನು ಕಾನೂನು. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅದಕ್ಕೇ ಹಳೆಯ ಸ್ಪ್ರಿಂಗು, ಶಾಕ್ ಎರಡೂ ಬೇಕಾದರೆ ಮತ್ತೆ ಹಾಕಲು ಅಟ್ಟದ ಮೇಲಿವೆ.

ಸಂಜೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಟೆ. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪು 10 ಸೆ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಓಣಿಯವರು ಎತ್ತರವನ್ನಷ್ಟೇ ಓದಿಕೊಂಡಿರಬೇಕು. ಎರಡನೆಯ ಹಂಪಿನಲ್ಲೇ ಹೊಟ್ಟೆ ಸವರಿತು, ಹಿಂದಿನ ಸೀಟಿನಿಂದ ಅಮ್ಮನ ಉದ್ಗಾರವೂ ಬಂತು. ಮರಳಿ ಬಂದು ಹಿಂದುಗಡೆ ಒಂದಿಷ್ಟು ಎತ್ತರಿಸಿದೆ. ಆ ಎತ್ತರ ಖಾಯಂ ಎಂದಾದ ಮೇಲೆ ಅಲೈನ್‌ಮೆಂಟಿಗೆ ಹೋದೆ. ಕಾರು ತಗ್ಗಿದಾಗ ಮುಂದಿನ ಚಕ್ರಗಳ ಟೋ, ಅಂದರೆ ಮೇಲಿಂದ ನೋಡಿದಾಗ ಅವು ಒಳಕ್ಕೋ ಹೊರಕ್ಕೋ ತಿರುಗಿರುವ ಓರೆ, ಬದಲಾಗಿರುತ್ತದೆ. ಹಾಗೇ ಓಡಿಸಿದರೆ ಟೈರಿನ ಅಂಚು ಕೆಲವೇ ತಿಂಗಳಲ್ಲಿ ಬೋಳಾಗುತ್ತದೆ. ಸ್ಟೀರಿಂಗಿನ ಟೈ ರಾಡ್ ತಿರುಗಿಸಿ ಮುಂದಿನದನ್ನು ಸರಿಮಾಡಿಕೊಟ್ಟರು. ಹಿಂದಿನ ಬೀಮಿನಲ್ಲಿ ಹೊಂದಿಸುವ ನಟ್ಟೇ ಇಲ್ಲ, ಅದನ್ನು ಇದ್ದ ಹಾಗೆಯೇ ಬಿಟ್ಟರು.