ದೊಡ್ಡಮ್ಮನ ವಾಯ್ಸ್ ಮೆಸೇಜ್

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ದೊಡ್ಡಮ್ಮನ ಫೋನ್ ಪೂರಾ ಮಲಯಾಳಂ. ಆಂಡ್ರಾಯ್ಡ್‌ನಲ್ಲಿ ವಾಟ್ಸ್ಯಾಪ್ ಒಂದನ್ನೇ ಕನ್ನಡಕ್ಕೆ ಬದಲಿಸಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ಮಾಡಿಕೊಟ್ಟೆ. ಆದರೆ ಅವರಿಗೆ ಬೇಕಾದದ್ದು ಮೈಕಿನ ಗುಂಡಿ ಮಾತ್ರ. 2013ರಲ್ಲಿ ವಾಯ್ಸ್ ಮೆಸೇಜ್ ಬರದಿದ್ದರೆ ಇಂಥವರೆಲ್ಲ ಗ್ರೂಪಿನಲ್ಲಿ ಸುಮ್ನೆ ಇರಬೇಕಿತ್ತು, ಅಲ್ವಾ? ಮೈಕ್ ಒತ್ತಿ ಬೆರಳನ್ನು ಮೇಲಕ್ಕೆ ಜಾರಿಸಿದರೆ ಹಿಡಿದುಕೊಂಡೇ ಇರಬೇಕಾಗಿಲ್ಲ ಅಂತ ಹೇಳಿಕೊಟ್ಟೆ. ಈಗ ಅಡಿಕೆ ಸುಲಿಯಲು ಜನ ಬಾರದ ಕಥೆ, ನಡುವೆ ಕುಕ್ಕರಿನ ಸೀಟಿ, ಬೆಕ್ಕಿಗೆ ಬೈಗುಳ, ಎಲ್ಲ ಒಂದೇ ಮೆಸೇಜಿನಲ್ಲಿ!

ಕಳಿಸಿದ ಮೆಸೇಜನ್ನು ಅಳಿಸುವಾಗ 'ಎಲ್ಲರಿಗೂ ಅಳಿಸು' ಬದಲು ಕೈತಪ್ಪಿ 'ನನಗೆ ಮಾತ್ರ ಅಳಿಸು' ಒತ್ತಿದರೆ ಅದನ್ನು ವಾಪಸ್ ತರುವ ಸೌಲಭ್ಯ 2022ರಲ್ಲಿ ಬಂದಿದೆ. ಒಳ್ಳೆಯದೇ. ಆದರೆ ಸಿಗುವುದು ಬರೀ 5 ಸೆಕೆಂಡ್. ಅಷ್ಟರಲ್ಲಿ ದೊಡ್ಡಮ್ಮನ ಕೈಗೆ ಕನ್ನಡಕವೂ ಸಿಗುವುದಿಲ್ಲ. ಇನ್ನೂ ಸ್ವಲ್ಪ ಜಾಸ್ತಿ ಕೊಡಬಾರದಿತ್ತಾ?